ಕಾಗದದ ಅಳತೆ, ನೆಲದ ಅಳತೆ

(ಮುಂಬಯಿಯಲ್ಲಿ ಸಂಘದ ಸಭೆಯಲ್ಲಿ ಆಡಿದ ಭಾಷಣ)



ಇಂದಿನ ಮಾತಿನ ವಿಷಯ ಹಲಗೆಯ ಮೇಲೆ ಬರೆದದ್ದನ್ನು ಓದಿ ಹಿಂದಿನ ಸಾಲಿನಲ್ಲಿ ಕೆಲವರು ನಕ್ಕದ್ದು ನಮಗೆ ಕಾಣಿಸಿತು. ಕಂಪ್ಯೂಟರಿನಲ್ಲಿ ನಕ್ಷೆ ಬರೆಯುವಾಗ ಸ್ಕೇಲುಗಳ ಪಟ್ಟಿಯನ್ನು ನಮ್ಮ ಕೆಲಸಕ್ಕೆ ತಕ್ಕಂತೆ ತಿದ್ದಿಕೊಳ್ಳುವುದು ಹೇಗೆ ಎಂಬುದು ವಿಷಯ. ತಟ್ಟೆ ಲೋಟ ಎತ್ತುವವರಿಗೆ, ಮಗ್ಗದ ಮುಂದೆ ನಿಂತು ಕಾಲು ಊದಿಸಿಕೊಂಡವರಿಗೆ ಇದರಿಂದ ಏನಾಗಬೇಕು ಎಂದು ನೀವು ಕೇಳಬಹುದು. ನಾವೂ ಹಾಗೆಯೇ ಕೇಳುತ್ತಿದ್ದೆವು. ಏಳನೆಯ ತರಗತಿಗೆ ಶಾಲೆ ಬಿಟ್ಟು ಟೇಬಲು ಒರೆಸಲು ಬಂದವರು ನಾವು. ಆದರೆ ಈ ಒಂದು ವಿಷಯ ತಿಳಿಯದೆ ತುಂಬಿದ ಕಚೇರಿಯಲ್ಲಿ ತಲೆ ತಗ್ಗಿಸಬೇಕಾಯಿತು. ಆ ಅವಮಾನ ನಿಮಗೆ ಬರಬಾರದೆಂದೇ ಇಂದು ನಿಂತಿದ್ದೇವೆ.

ನಡೆದದ್ದು ಹೀಗೆ. ನಮ್ಮ ಸದಸ್ಯರು ದುಡಿಯುವ ಒಂದು ಹೋಟೆಲಿನಲ್ಲಿ ದುರಸ್ತಿ ಕೆಲಸ ಹೊರಟಿತು. ಅಲ್ಲಿಯ ಹುಡುಗರು ಅದುವರೆಗೆ ರಾತ್ರಿ ಬಾಗಿಲು ಹಾಕಿದ ಮೇಲೆ ಟೇಬಲುಗಳನ್ನು ಜೋಡಿಸಿ ಮಲಗುತ್ತಿದ್ದರು. ಮಲಗಲು ಬೇರೆ ಖೋಲಿ ಬೇಕೆಂದು ನಾವು ಎರಡು ವರ್ಷ ಕೇಳಿದೆವು. ಕೊನೆಗೆ ಮಾಲಿಕರು ಒಪ್ಪಿ, ಮೇಲಿನ ಅಂತಸ್ತಿನಲ್ಲಿ 225 ಚದರಡಿಯ ಒಂದು ಖೋಲಿ ಕೊಡುತ್ತೇನೆಂದರು. ನಕ್ಷೆಯ ಒಂದು ಪ್ರತಿಯೂ ನಮ್ಮ ಕೈಗೆ ಬಂತು. ಅದರ ಮೂಲೆಯಲ್ಲಿ ಸ್ಕೇಲು 1:100 ಎಂದು ಬರೆದಿತ್ತು. ಕಾಗದದ ಮೇಲಿನ ಒಂದು ಸೆಂಟಿಮೀಟರು ನೆಲದ ಮೇಲೆ ಒಂದು ಮೀಟರು ಎಂದು ಇದರ ಅರ್ಥ. ಇದು ಶಾಲೆಯ ಭೂಪಟದಲ್ಲಿಯೇ ಕಲಿತ ಪಾಠ.

ಅಡಿಪಟ್ಟಿ ಇಟ್ಟು ಅಳೆದೆವು. ಖೋಲಿಯ ಉದ್ದ ನಾಲ್ಕು ಸೆಂಟಿಮೀಟರಿಗೆ ಕೂದಲೆಳೆಯಷ್ಟು ಕಡಿಮೆ, ಅಗಲ ಎರಡೂವರೆಗಿಂತ ಸ್ವಲ್ಪ ಹೆಚ್ಚು. ಲೆಕ್ಕ ಹಾಕಿದರೆ ಹತ್ತೂವರೆ ಚದರ ಮೀಟರು. ಒಂದು ಚದರ ಮೀಟರೆಂದರೆ 10.76 ಚದರಡಿ, ಅಂದರೆ ಖೋಲಿ ಬರೇ 113 ಚದರಡಿ. ಕೊಟ್ಟ ಮಾತಿನಲ್ಲಿ ಸರಿಯಾಗಿ ಅರ್ಧ ಮಾಯ! ಹತ್ತು ಜನರನ್ನು ಕಟ್ಟಿಕೊಂಡು ಮಾಲಿಕರ ಕಚೇರಿಗೆ ಹೋದೆವು. ಮೋಸ ಎಂಬ ಮಾತನ್ನೂ ಆಡಿದೆವು.

ಮಾಲಿಕರು ಅದೇ ಖೋಲಿಯ ಮೇಲೆ ಬರೆದಿದ್ದ ಸಣ್ಣ ಅಂಕಿಗಳನ್ನು ಬೆರಳಿಟ್ಟು ತೋರಿಸಿದರು. ಉದ್ದ 5.60 ಮೀಟರು, ಅಗಲ 3.75 ಮೀಟರು. ಗುಣಿಸಿದರೆ 21 ಚದರ ಮೀಟರು, 226 ಚದರಡಿ. "ನಿಮಗೆ ಅಳೆಯಲಿಕ್ಕೆ ಬರುವುದಿಲ್ಲ, ಜಗಳಕ್ಕೆ ಮಾತ್ರ ಬರುತ್ತದೆ ಅಲ್ಲವೋ?" ಎಂದರು. ಗುಮಾಸ್ತರೆಲ್ಲ ನಕ್ಕರು. ನಮ್ಮ ಹಿಂದೆ ಬಂದ ಹುಡುಗರು ನಮ್ಮ ಮುಖ ನೋಡಿದರು.

ಆ ರಾತ್ರಿ ನಮ್ಮ ರಾತ್ರಿ ತರಗತಿಯ ಒಬ್ಬ ಹಳೆಯ ವಿದ್ಯಾರ್ಥಿ ಸಿಕ್ಕಿದ. ಒಂದು ಕಾಲಕ್ಕೆ ಲೋಟ ತೊಳೆಯುತ್ತಿದ್ದವನು, ಈಗ ನಕ್ಷೆ ಬರೆಯುವ ಕೆಲಸದಲ್ಲಿದ್ದಾನೆ. ಕಾಗದ ನೋಡಿದ, ಅಳೆದ, ನಕ್ಕ. "ಅಣ್ಣ, ನಿಮ್ಮ ಅಡಿಪಟ್ಟಿ ಸರಿ ಉಂಟು. ಕಾಗದವೇ ಸರಿ ಇಲ್ಲ. ಇದು ದೊಡ್ಡ ಹಾಳೆಗೆಂದು ಮಾಡಿದ ನಕ್ಷೆ. ಯಾರೋ ಸಣ್ಣ ಹಾಳೆಯ ಮೇಲೆ ತುಂಬಿಸಿ ಹೊಡೆದಿದ್ದಾರೆ" ಎಂದ.

ಇಲ್ಲಿ ಕಾಗದದ ಲೆಕ್ಕ ತಿಳಿಯಬೇಕು. ಎ2 ಹಾಳೆ 594 ಮಿಲಿಮೀಟರು ಉದ್ದ, 420 ಅಗಲ. ಅದನ್ನು ನಡುವೆ ಮಡಿಸಿದರೆ ಎ3. ಅದು 420 ಉದ್ದ, 297 ಅಗಲ. ಎ3ನ್ನು ಮಡಿಸಿದರೆ ಎ4, ನಾವು ಅರ್ಜಿ ಬರೆಯುವ ಹಾಳೆ. ಎ2 ಹಾಳೆಯ ನಕ್ಷೆಯನ್ನು ಎ3ರ ಮೇಲೆ ಕುಗ್ಗಿಸಿದರೆ ಪ್ರತಿಯೊಂದು ಗೆರೆಯೂ ನೂರಕ್ಕೆ ಸುಮಾರು ಎಪ್ಪತ್ತೊಂದು ಭಾಗವಾಗುತ್ತದೆ. ಜಾಗದ ಲೆಕ್ಕ ಅರ್ಧವಾಗುತ್ತದೆ. 1:100 ಇದ್ದದ್ದು ನಿಜದಲ್ಲಿ 1:141 ಆಯಿತು. ಆದರೆ ಮೂಲೆಯಲ್ಲಿ ಬರೆದ 1:100 ಎಂಬ ಅಕ್ಷರಗಳು ಹಾಗೆಯೇ ಉಳಿದವು. ಬರೆದ ಅಕ್ಷರಕ್ಕೆ ಕಾಗದ ಕುಗ್ಗಿದ್ದು ಹೇಗೆ ತಿಳಿಯಬೇಕು?

ಮರುದಿನ ನಾವು ಮಾಲಿಕರಲ್ಲಿಗೆ ಹೋಗಿ, ಮೋಸ ಎಂದದ್ದು ತಪ್ಪಾಯಿತೆಂದು ಹೇಳಿ ಬಂದೆವು. ಸಂಘದವರು ತಪ್ಪು ಒಪ್ಪಿಕೊಳ್ಳಬಾರದೆಂದು ಕೆಲವರು ಮುನಿಸಿಕೊಂಡರು. ತಪ್ಪು ಲೆಕ್ಕದ ಮೇಲೆ ನಿಂತ ಬೇಡಿಕೆ ಮರುದಿನದ ಸರಿಯಾದ ಬೇಡಿಕೆಯನ್ನೂ ಕೆಡಿಸುತ್ತದೆಂಬುದು ನಮ್ಮ ಅನುಭವ. ಒಪ್ಪಿಕೊಂಡದ್ದರಿಂದ ಒಂದು ಲಾಭವೂ ಆಯಿತು. ಅಡಿಗೆಮನೆಯ ನಕ್ಷೆಯನ್ನು ಕೆಲಸ ಹಿಡಿಯುವ ಮೊದಲು ಕೆಲಸಗಾರರಿಗೂ ತೋರಿಸಬೇಕೆಂದು ಕೇಳಿದೆವು, ಮಾಲಿಕರು ಒಪ್ಪಿದರು. ನಕ್ಷೆಯ ಫೈಲು ನಮ್ಮ ಆ ತಮ್ಮನ ಕೈಗೆ ಬಂತು. ಅವನು ಅದನ್ನು ತೆರೆದು ತೋರಿಸಿದ ದಿನವೇ ಸ್ಕೇಲಿನ ಪಟ್ಟಿ ಎಂದರೇನೆಂದು ನಾವು ಕಣ್ಣಾರೆ ಕಂಡದ್ದು.

ಅವನು ಬಳಸುವುದು ಆಟೋಕ್ಯಾಡ್ ಎಂಬ ತಂತ್ರಾಂಶ. ಅಮೆರಿಕದ ಆಟೋಡೆಸ್ಕ್ ಕಂಪನಿ ಅದನ್ನು ಹೊರತಂದದ್ದು 1982ರ ಕೊನೆಯಲ್ಲಿ. ಗಿರಣಿಯ ಹಿರಿಯರಿಗೆ ಆ ವರ್ಷ ಮರೆಯುವಂತಿಲ್ಲ. 1982ರ ಜನವರಿ 18ರಂದೇ ಡಾ. ದತ್ತಾ ಸಾಮಂತರ ನಾಯಕತ್ವದಲ್ಲಿ ಮುಂಬಯಿಯ ಬಟ್ಟೆ ಗಿರಣಿಗಳ ಮುಷ್ಕರ ಪ್ರಾರಂಭವಾಯಿತು. ಆ ಗಿರಣಿಗಳಲ್ಲಿ ಹಲವು ಮುಚ್ಚಿ, ಅವುಗಳ ಜಮೀನಿನ ಮೇಲೆ ಗೋಪುರದಂಥ ಕಟ್ಟಡಗಳು ಎದ್ದಿವೆ. ಇಂದು ಕಟ್ಟಡಗಳ ನಕ್ಷೆಗಳು ಕಂಪ್ಯೂಟರಿನಲ್ಲಿಯೇ ಹುಟ್ಟುತ್ತವೆ. ಆದ್ದರಿಂದ ನಮ್ಮ ಖೋಲಿ ಎಷ್ಟು, ನಮ್ಮ ಓಣಿ ಎಷ್ಟು ಎಂಬುದು ಮೊದಲು ತೀರ್ಮಾನವಾಗುವುದು ಅಲ್ಲಿ.

ಮೊದಲನೆಯ ಮಾತು. ಕಂಪ್ಯೂಟರಿನೊಳಗೆ ನಕ್ಷೆಯನ್ನು ಕುಗ್ಗಿಸಿ ಬರೆಯುವುದಿಲ್ಲ. ಆರು ಮೀಟರಿನ ಗೋಡೆಯನ್ನು ಆರು ಮೀಟರೆಂದೇ ಬರೆಯುತ್ತಾರೆ. ಪರದೆ ಸಣ್ಣದು ಕಾಣಲಿ ದೊಡ್ಡದು ಕಾಣಲಿ, ಒಳಗಿನ ಲೆಕ್ಕ ನೆಲದ ಲೆಕ್ಕವೇ. ಕಾಗದಕ್ಕೆ ಇಳಿಸುವ ಹೊತ್ತಿಗೆ ಮಾತ್ರ ಸ್ಕೇಲಿನ ಪ್ರಶ್ನೆ ಬರುತ್ತದೆ. ಆಗ ಒಂದು ಪಟ್ಟಿ ತೆರೆಯುತ್ತದೆ. ನಮ್ಮ ಹೋಟೆಲಿನ ತಿಂಡಿಯ ಪಟ್ಟಿಯ ಹಾಗೆ ಅದರಲ್ಲಿ 1:10, 1:20, 1:50, 1:100 ಎಂದು ಸಾಲಾಗಿ ಇರುತ್ತದೆ. ಬೇಕಾದದ್ದನ್ನು ಆರಿಸಬೇಕು.

ಕಷ್ಟ ಬರುವುದು ಇಲ್ಲಿಯೇ. ಕಂಪನಿ ಕೊಟ್ಟ ಪಟ್ಟಿಯಲ್ಲಿ ಅಮೆರಿಕದ ಅಡಿ ಅಂಗುಲದ ಸ್ಕೇಲುಗಳು ಒಂದು ರಾಶಿ ಇವೆ. ನಮ್ಮ ದೇಶದಲ್ಲಿ 1956ರ ತೂಕ ಅಳತೆಗಳ ಕಾನೂನಿನ ಮೇಲೆ ಮೆಟ್ರಿಕ್ ಪದ್ಧತಿ ಬಂದು ಸೇರು, ಮಣ ಹೋದವು. ನಮಗೆ ಆ ರಾಶಿಯಿಂದ ಉಪಯೋಗ ಸ್ವಲ್ಪ. ನಮಗೆ ಬೇಕಾದ 1:25, 1:200 ಆ ಪಟ್ಟಿಯಲ್ಲಿ ಇರಲಿಲ್ಲ. ಬೇಕಾದದ್ದು ಪಟ್ಟಿಯಲ್ಲಿ ಇಲ್ಲದಿದ್ದರೆ ಅವಸರದ ಮನುಷ್ಯ ಏನು ಮಾಡುತ್ತಾನೆ? 'ಫಿಟ್ ಟು ಪೇಪರ್' ಎಂಬ ಚೌಕದಲ್ಲಿ ಗುರುತು ಹಾಕುತ್ತಾನೆ. ಹಾಳೆ ಎಷ್ಟಿದೆಯೋ ಅಷ್ಟಕ್ಕೆ ನಕ್ಷೆಯನ್ನು ಹಿಗ್ಗಿಸು, ಇಲ್ಲವೆ ಕುಗ್ಗಿಸು ಎಂದು ಅದರ ಅರ್ಥ. ಕಾಗದ ತುಂಬುತ್ತದೆ, ನೋಟಕ್ಕೆ ಚೆಂದ. ಆದರೆ ಅಡಿಪಟ್ಟಿ ಇಟ್ಟವನು ಕೆಡುತ್ತಾನೆ. ನಾವು ಕೆಟ್ಟದ್ದು ಹಾಗೆಯೇ.

ನಮ್ಮ ಅಡಿಗೆಮನೆಯ ಲೆಕ್ಕ ಕೇಳಿ. ಉದ್ದ 6 ಮೀಟರು, ಅಗಲ 4 ಮೀಟರು. ಒಲೆಯ ಬಳಿ ನಿಲ್ಲುವವರು, ರುಬ್ಬುವವರು, ಮೋರಿಯಲ್ಲಿ ತೊಳೆಯುವವರು, ಎಲ್ಲರ ಕೈಗೂ ಒಂದೊಂದು ಪ್ರತಿ ಕೊಡಬೇಕು. ಹತ್ತಿರದ ಅಂಗಡಿಯಲ್ಲಿ ಅಗ್ಗದಲ್ಲಿ ಸಿಗುವುದು ಎ4 ಹಾಳೆ. ಅದು 297 ಮಿಲಿಮೀಟರು ಉದ್ದ, 210 ಅಗಲ. 1:20ರಲ್ಲಿ ಹೊಡೆದರೆ ಅಡಿಗೆಮನೆಯ ಉದ್ದ 300 ಮಿಲಿಮೀಟರು. ಮೂರು ಮಿಲಿಮೀಟರು ಹೊರಗೆ ಹೋಗುತ್ತದೆ. 1:50ರಲ್ಲಿ ಹೊಡೆದರೆ 120. ತೀರ ಸಣ್ಣದು, ವಯಸ್ಸಾದ ಭಟ್ಟರ ಕಣ್ಣಿಗೆ ಕಾಣದು. 1:30 ಹಿಡಿಸುತ್ತದೆ, ಆದರೆ ಮೂವತ್ತರ ಭಾಗಾಕಾರ ಗಲ್ಲಾದ ಮೇಲೆ ಕೂತವರಿಗೂ ತಲೆನೋವು. 1:25ರಲ್ಲಿಯಾದರೆ ಉದ್ದ 240, ಅಗಲ 160. ಹಾಳೆಯೊಳಗೆ ಕೂರುತ್ತದೆ, ಸುತ್ತ ಬರೆಯಲು ಜಾಗ ಉಳಿಯುತ್ತದೆ. ಕಾಗದದ ನಾಲ್ಕು ಸೆಂಟಿಮೀಟರು ನೆಲದ ಒಂದು ಮೀಟರು. ಲೆಕ್ಕ ಯಾರಿಗಾದರೂ ಬರುತ್ತದೆ. ಆದ್ದರಿಂದ 1:25 ಬೇಕು. ಪಟ್ಟಿಯಲ್ಲಿ ಇಲ್ಲ. ಸೇರಿಸಬೇಕು.

ಸೇರಿಸುವ ಕ್ರಮ ಇಷ್ಟೆ. 'ಸ್ಕೇಲ್‌ಲಿಸ್ಟ್‌ಎಡಿಟ್' ಎಂಬ ಆಜ್ಞೆಯನ್ನು ಇಂಗ್ಲಿಷ್ ಅಕ್ಷರಗಳಲ್ಲಿ ನಡುವೆ ಬಿಡುವಿಲ್ಲದೆ ಹೊಡೆದು ಎಂಟರ್ ಒತ್ತಿದರೆ ಪಟ್ಟಿ ತೆರೆಯುತ್ತದೆ. ಬದಿಯಲ್ಲಿ ಗುಂಡಿಗಳಿವೆ: ಆಡ್ ಎಂದರೆ ಸೇರಿಸು, ಎಡಿಟ್ ಎಂದರೆ ತಿದ್ದು, ಡಿಲೀಟ್ ಎಂದರೆ ತೆಗೆ, ಮೂವ್ ಅಪ್, ಮೂವ್ ಡೌನ್ ಎಂದರೆ ಸಾಲಿನಲ್ಲಿ ಮೇಲೆ ಕೆಳಗೆ ಮಾಡು. ಆಡ್ ಒತ್ತಿದರೆ ಮೂರು ವಿಷಯ ಕೇಳುತ್ತದೆ. ಒಂದು, ಸ್ಕೇಲಿನ ಹೆಸರು. ಎರಡು, ಕಾಗದದ ಮೇಲೆ ಎಷ್ಟು. ಮೂರು, ಅದಕ್ಕೆ ಸಮನಾಗಿ ನಕ್ಷೆಯೊಳಗೆ ಎಷ್ಟು.

ನಮ್ಮ ತಮ್ಮ ಹೆಸರಿನ ಜಾಗದಲ್ಲಿ 1:25 ಬರೆದ, ಕಾಗದಕ್ಕೆ 1, ನಕ್ಷೆಗೆ 25 ಎಂದು ಹಾಕಿದ, ಹಾಳೆ ಹೊಡೆದ. ಹಾಳೆ ಬೆಳ್ಳಗೆ ಬಂತು. ಕಣ್ಣಿಟ್ಟು ನೋಡಿದರೆ ನಡುವೆ ಎಳ್ಳಿಗಿಂತ ಸಣ್ಣ ಒಂದು ಚುಕ್ಕೆ. "ಇದೆಂಥದು ಮಾರಾಯ, ಅಡಿಗೆಮನೆ ಎಲ್ಲಿ?" ಎಂದೆವು. ಅವನು ಹಣೆ ಬಡಿದುಕೊಂಡ. ಕಾಗದದ ಅಳತೆ ಮಿಲಿಮೀಟರಿನದು. ಆ ನಕ್ಷೆಯನ್ನು ಬರೆದವರು ಮೀಟರಿನಲ್ಲಿ ಬರೆದಿದ್ದರು. ಹೀಗಾಗಿ ಕಾಗದದ ಒಂದು ಮಿಲಿಮೀಟರಿಗೆ ನೆಲದ ಇಪ್ಪತ್ತೈದು ಮೀಟರು ಎಂದಾಗಿ, ಆರು ಮೀಟರಿನ ಅಡಿಗೆಮನೆ ಕಾಲು ಮಿಲಿಮೀಟರಿಗೆ ಇಳಿದಿತ್ತು. ಸರಿಯಾದ ಲೆಕ್ಕ ಹೀಗೆ: ನೆಲದ ಒಂದು ಮೀಟರು, ಅಂದರೆ 1000 ಮಿಲಿಮೀಟರನ್ನು 25ರಿಂದ ಭಾಗಿಸಿದರೆ 40. ಆದ್ದರಿಂದ ಕಾಗದಕ್ಕೆ 40, ನಕ್ಷೆಗೆ 1. ನಕ್ಷೆಯನ್ನು ಮಿಲಿಮೀಟರಿನಲ್ಲಿ ಬರೆದಿದ್ದರೆ 1 ಮತ್ತು 25 ಸರಿಯಾಗಿಯೇ ಇತ್ತು. 1:200 ಬೇಕಾದರೂ ಹೀಗೆಯೇ: ಮಿಲಿಮೀಟರಿನ ನಕ್ಷೆಗೆ 1 ಮತ್ತು 200, ಮೀಟರಿನ ನಕ್ಷೆಗೆ 5 ಮತ್ತು 1.

ಇಲ್ಲಿ ನಿಂತು ಒಂದು ವಿಷಯ ಯೋಚಿಸಿ. ಚುಕ್ಕೆ ಬಂದಾಗಲೂ ಪಟ್ಟಿಯಲ್ಲಿ ಹೆಸರು 1:25 ಎಂದೇ ಇತ್ತು. ಹೆಸರನ್ನು ಯಂತ್ರ ಪರೀಕ್ಷಿಸುವುದಿಲ್ಲ. ನೀವು 1:25 ಎಂದು ಹೆಸರಿಟ್ಟು ಒಳಗೆ ಬೇರೆ ಅಂಕಿ ತುಂಬಿದರೆ ಅದು ಸುಮ್ಮನೆ ಒಪ್ಪಿಕೊಳ್ಳುತ್ತದೆ. ಬೋರ್ಡಿನ ಮೇಲೆ ಶುದ್ಧ ತುಪ್ಪದ ದೋಸೆ ಎಂದು ಬರೆದರೆ ಕಾವಲಿಯ ಮೇಲೆ ಬೀಳುವುದು ತುಪ್ಪವೇ ಎಂದು ಹೇಳಲಾಗದು. ಇದನ್ನು ನಮಗಿಂತ ಚೆನ್ನಾಗಿ ಬಲ್ಲವರು ಯಾರು? ಚುಕ್ಕೆ ಬಂದರೆ ತಪ್ಪು ಕಣ್ಣಿಗೆ ಬೀಳುತ್ತದೆ. 25ರ ಬದಲು 30 ಬಿದ್ದಿದ್ದರೆ ಯಾರ ಕಣ್ಣಿಗೂ ಬೀಳದು. ಗೋಡೆ ಎದ್ದ ಮೇಲೆ ತಿಳಿಯುತ್ತದೆ.

ರಾತ್ರಿ ತರಗತಿಯಲ್ಲಿ ಈ ಕೆಲಸ ಕಲಿಯುತ್ತಿರುವ ತಮ್ಮಂದಿರಿಗೆ ಇನ್ನೂ ನಾಲ್ಕು ಮಾತು. ಹೀಗೆ ತಿದ್ದಿದ ಪಟ್ಟಿ ಆ ಒಂದು ಫೈಲಿನೊಳಗೆ ಮಾತ್ರ ಉಳಿಯುತ್ತದೆ. ತಂತ್ರಾಂಶದ ಮೂಲ ಪಟ್ಟಿಯನ್ನೂ ತಿದ್ದಬೇಕೆಂದರೆ ಆಪ್ಶನ್ಸ್ ಎಂಬಲ್ಲಿ ಯೂಸರ್ ಪ್ರಿಫರೆನ್ಸಸ್ ಎಂಬ ಪುಟದಲ್ಲಿ ಡಿಫಾಲ್ಟ್ ಸ್ಕೇಲ್ ಲಿಸ್ಟ್ ಎಂಬ ಗುಂಡಿ ಇದೆ, ಅಲ್ಲಿಯೂ ತಿದ್ದಿಡಬೇಕು. ರೀಸೆಟ್ ಎಂಬ ಗುಂಡಿಯನ್ನು ಯೋಚಿಸದೆ ಒತ್ತಬೇಡಿ. ನೀವು ಸೇರಿಸಿದ್ದೆಲ್ಲ ಅಳಿಸಿ ಹಳೆಯ ಪಟ್ಟಿ ಮರಳಿ ಬರುತ್ತದೆ. ಬೇಡದ ಸ್ಕೇಲುಗಳನ್ನು ತೆಗೆದುಹಾಕಿ. ಪಟ್ಟಿ ಗಿಡ್ಡವಾದಷ್ಟೂ ಕೈತಪ್ಪು ಕಡಿಮೆ. ಆದರೆ 1:1ನ್ನೂ, ನಕ್ಷೆಯಲ್ಲಿ ಬಳಕೆಯಲ್ಲಿರುವ ಸ್ಕೇಲನ್ನೂ ಅದು ತೆಗೆಯಗೊಡುವುದಿಲ್ಲ. ಅಕ್ಷರಗಳ ಗಾತ್ರವೂ ನೆನಪಿರಲಿ. ಕಾಗದದ ಮೇಲೆ ಎರಡೂವರೆ ಮಿಲಿಮೀಟರಿನ ಅಕ್ಷರ ಬೇಕಾದರೆ 1:100ರ ನಕ್ಷೆಯಲ್ಲಿ ಅದನ್ನು 250 ಮಿಲಿಮೀಟರು ಎತ್ತರಕ್ಕೆ ಬರೆಯಬೇಕು, 1:25ರಲ್ಲಿ 62.5 ಸಾಕು. ಸ್ಕೇಲು ಬದಲಾದಾಗ ಅಕ್ಷರವೂ ತಾನೇ ಬದಲಾಗುವ ಏರ್ಪಾಡು ಆಟೋಕ್ಯಾಡಿನ 2008ನೆಯ ಆವೃತ್ತಿಯಿಂದ ಇದೆ. ಅದಕ್ಕೆ ಅನೋಟೇಟಿವ್ ಎನ್ನುತ್ತಾರೆ. ಕಲಿತುಕೊಳ್ಳಿ.

ಈಗ ಅಡಿಗೆಮನೆಗೆ ಮರಳೋಣ. 1:25ರ ಹಾಳೆಗಳು ಬಂದವು. ನಮ್ಮ ಕೇಳಿಕೆಯ ಮೇಲೆ ಅವನು ಹಾಳೆಯ ಕೆಳಗೆ ಒಂದು ಅಳತೆಯ ಗೆರೆಯನ್ನೂ ಎಳೆದಿದ್ದ. ಅದರ ಮೇಲೆ ಸೊನ್ನೆ, ಒಂದು ಮೀಟರು, ಎರಡು ಮೀಟರು ಎಂದು ಗುರುತು. ನಕ್ಷೆಯನ್ನು ಯಾರಾದರೂ ಕುಗ್ಗಿಸಿದರೆ ಈ ಗೆರೆಯೂ ಜೊತೆಗೇ ಕುಗ್ಗುತ್ತದೆ. ಆದ್ದರಿಂದ ಒಂದು ದಾರದಿಂದ ಅಳೆದು ಗೆರೆಯ ಮೇಲೆ ಇಟ್ಟು ನೋಡಿದರೂ ಲೆಕ್ಕ ತಪ್ಪುವುದಿಲ್ಲ. ಮೂಲೆಯ ಅಕ್ಷರ ಸುಳ್ಳಾಗಬಹುದು, ಈ ಗೆರೆ ಕಾಗದದ ಜೊತೆಗೇ ನಡೆಯುತ್ತದೆ.

ಭಟ್ಟರು, ಮಾಣಿಗಳು, ತೊಳೆಯುವ ಹುಡುಗರು, ಎಲ್ಲರೂ ಹಾಳೆ ಹಿಡಿದು ಕೂತರು. ಒಲೆಗೂ ರುಬ್ಬುವ ಯಂತ್ರಕ್ಕೂ ನಡುವಿನ ಓಣಿಯನ್ನು ತೊಳೆಯುವ ಹುಡುಗನೊಬ್ಬ ಅಳೆದ. ಎರಡು ಸೆಂಟಿಮೀಟರು ಎಂಟು ಮಿಲಿಮೀಟರು. ನಾಲ್ಕಕ್ಕೆ ಒಂದು ಮೀಟರಾದರೆ ಇದು ಎಪ್ಪತ್ತು ಸೆಂಟಿಮೀಟರು. ಆ ಹುಡುಗ ತನ್ನ ಕೈಗಳನ್ನು ಅಗಲಿಸಿ ಹೇಳಿದ: "ಸಾಂಬಾರಿನ ಹಂಡೆ ಹಿಡಿದು ಒಬ್ಬ ಬಂದರೆ, ಎದುರಿನಿಂದ ಪಾತ್ರೆ ಹೊತ್ತು ನಾನು ಬಂದರೆ, ಯಾರು ಎಲ್ಲಿಗೆ ಸರಿಯುವುದು? ಒಲೆಯ ಮೇಲೆಯೋ?" ಯಾರೂ ಮಾತಾಡಲಿಲ್ಲ. ಕುದಿಯುವ ಸಾಂಬಾರು ಕಾಲ ಮೇಲೆ ಬಿದ್ದು ತಿಂಗಳುಗಟ್ಟಲೆ ಮಲಗಿದವರು ಆ ಕೂಟದಲ್ಲಿಯೇ ಇದ್ದರು.

ಮರುದಿನ ನಾಲ್ವರು ಮಾತ್ರ ಮಾಲಿಕರಲ್ಲಿಗೆ ಹೋದೆವು. ಕೂಗಾಡಲಿಲ್ಲ. ಹಾಳೆಯನ್ನು ಮುಂದಿಟ್ಟೆವು, ಅಡಿಪಟ್ಟಿಯನ್ನು ಅವರ ಕೈಗೇ ಕೊಟ್ಟೆವು. ಅವರೂ ಒಂದು ಕಾಲಕ್ಕೆ ಒಲೆಯ ಮುಂದೆ ನಿಂತವರೇ. ಅಳೆದು ನೋಡಿ, ನಕ್ಷೆಯವರಿಗೆ ಫೋನು ಮಾಡಿ, ರುಬ್ಬುವ ಯಂತ್ರವನ್ನು ಗೋಡೆಯ ಮೂಲೆಗೆ ಸರಿಸಲು ಹೇಳಿದರು. ಓಣಿ ಒಂದು ಮೀಟರಾಯಿತು. ಗೋಡೆ ಏಳುವ ಮೊದಲು ಕಾಗದದ ಮೇಲೆ ಮೂವತ್ತು ಸೆಂಟಿಮೀಟರು ಸರಿಸಲು ಖರ್ಚು ಏನೂ ಇಲ್ಲ. ಕಲ್ಲು ಕೂಡಿಸಿದ ಮೇಲೆ ಕೇಳಿದ್ದರೆ ಮುಂದಿನ ದುರಸ್ತಿಗೆ ನೋಡೋಣ ಎನ್ನುತ್ತಿದ್ದರು.

ಗಿರಣಿಯ ಹಿರಿಯರೇ, ನೀವು ಚೌಕುಳಿ ಕಾಗದದ ಮೇಲೆ ಬರೆದ ನೇಯ್ಗೆಯ ವಿನ್ಯಾಸ ಕಂಡವರು. ಅಲ್ಲಿ ಒಂದು ಚೌಕ ಎಂದರೆ ಒಂದು ಹಾಸಿನ ನೂಲು ಒಂದು ಹೊಕ್ಕಿನ ನೂಲು ಕೂಡುವ ಜಾಗ. ಕಾಗದದ ಗಾತ್ರವೇ ಬಟ್ಟೆಯ ಗಾತ್ರವೆಂದು ನೀವು ಎಂದೂ ತಿಳಿದವರಲ್ಲ. ಮನೆಯ ನಕ್ಷೆ ಬಂದಾಗ ಮಾತ್ರ ನಾವೆಲ್ಲ ಬಣ್ಣದ ಚಿತ್ರ ನೋಡಿ ಸಹಿ ಮಾಡಿಬಿಡುತ್ತೇವೆ. ಗಿರಣಿ ಕಾರ್ಮಿಕರಿಗೆ ಮ್ಹಾಡಾ ಕಟ್ಟಿಸಿದ ಎಷ್ಟೋ ಮನೆಗಳು 225 ಚದರಡಿಯವು. ಅಷ್ಟು ಸಣ್ಣ ಮನೆಯಲ್ಲಿ ಒಂದು ಗೇಣು ಹೆಚ್ಚು ಕಡಿಮೆಯಾದರೆ ಒಂದು ಮಂಚ ಹಿಡಿಯುವುದೋ ಇಲ್ಲವೋ ಎಂಬ ಪ್ರಶ್ನೆ ಬರುತ್ತದೆ. 2016ರ ರೇರಾ ಕಾನೂನಿನಲ್ಲಿ ಕಾರ್ಪೆಟ್ ಏರಿಯಾ ಎಂದರೇನೆಂದು ಸ್ಪಷ್ಟವಾಗಿ ಹೇಳಿದೆ: ಒಳಗೆ ಬಳಸಲು ಸಿಗುವ ನೆಲ, ಒಳಗಿನ ಅಡ್ಡಗೋಡೆಗಳು ಅದರಲ್ಲಿ ಸೇರುತ್ತವೆ, ಹೊರಗೋಡೆ, ಬಾಲ್ಕನಿ, ತೆರೆದ ತಾರಸಿ ಸೇರುವುದಿಲ್ಲ. ಆ ಕಾನೂನಿನ ಕೆಳಗೆ ಬರುವ ಯೋಜನೆಯಲ್ಲಿ ಮನೆ ಕೊಳ್ಳುವವರಿಗೆ ಮಂಜೂರಾದ ನಕ್ಷೆಯನ್ನು ಪಡೆಯುವ ಹಕ್ಕನ್ನೂ ಅದೇ ಕಾನೂನು ಕೊಟ್ಟಿದೆ. ಹಕ್ಕಿನಿಂದ ಪಡೆದ ಕಾಗದವನ್ನು ಓದಲು ಬಾರದಿದ್ದರೆ ಪಡೆದು ಪ್ರಯೋಜನವೇನು?

ಆದ್ದರಿಂದ ಯಾವ ನಕ್ಷೆ ಕೈಗೆ ಬಂದರೂ ಮೂರು ಪ್ರಶ್ನೆ ಕೇಳಿ. ಇದು ಯಾವ ಹಾಳೆಗೆಂದು ಮಾಡಿದ ನಕ್ಷೆ, ಈಗ ಯಾವ ಹಾಳೆಯ ಮೇಲಿದೆ? ಒಳಗೆ ಬರೆದದ್ದು ಮೀಟರಿನಲ್ಲೋ ಮಿಲಿಮೀಟರಿನಲ್ಲೋ? ಸ್ಕೇಲು ಆರಿಸಿ ಹೊಡೆದದ್ದೋ, ಕಾಗದಕ್ಕೆ ತುಂಬಿಸಿ ಹೊಡೆದದ್ದೋ? ಉತ್ತರ ಸಿಗದಿದ್ದರೆ, ಅಂಕಿ ಬರೆದ ಒಂದು ಬಾಗಿಲನ್ನು ಅಳೆಯಿರಿ. 90 ಸೆಂಟಿಮೀಟರಿನ ಬಾಗಿಲು 1:100ರಲ್ಲಿ ಒಂಬತ್ತು ಮಿಲಿಮೀಟರು ಇರಬೇಕು. ಆರೂವರೆಯ ಹತ್ತಿರ ಬಂದರೆ ಕಾಗದ ಕುಗ್ಗಿದೆ ಎಂದು ತಿಳಿಯಿರಿ. ಬರೆದ ಅಂಕಿಗೂ ಅಳೆದ ಅಳತೆಗೂ ಜಗಳ ಬಂದರೆ ಬರೆದ ಅಂಕಿಯನ್ನೇ ಹಿಡಿಯುವುದು ನಕ್ಷೆಯವರ ರೂಢಿ. ನಮ್ಮ ಹಾಗೆ ಅಂಕಿ ಬಿಟ್ಟು ಅಡಿಪಟ್ಟಿ ಮಾತ್ರ ನಂಬಿ ಹೊರಡಬೇಡಿ. ಅಂಗಡಿಯಲ್ಲಿ ಪಿಡಿಎಫ್ ಕೊಟ್ಟು ಹೊಡೆಸುವಾಗಲೂ 'ಆಕ್ಚುವಲ್ ಸೈಜ್' ಎಂದು ಆರಿಸಲು ಹೇಳಿ. ಅಲ್ಲಿಯೂ 'ಫಿಟ್' ಎಂಬ ಅದೇ ಪಿಶಾಚಿ ಕಾದು ಕೂತಿರುತ್ತದೆ.

ಇನ್ನು ನಮ್ಮ ಹುಡುಗರ ಖೋಲಿಯ ಸುದ್ದಿ. ಅದು ಮುಗಿದ ದಿನ ಟೇಪು ಹಿಡಿದು ಹೋದೆವು. ಮಾಲಿಕರು ಬಾಗಿಲಲ್ಲಿ ನಿಂತು, "ಈ ಸಲ ಸರಿಯಾಗಿ ಅಳೆಯಿರಿ" ಎಂದರು. ಅಳೆದೆವು. ಉದ್ದ 5.60, ಅಗಲ 3.75. ಅಂದಿನಿಂದ ಅಲ್ಲಿ ಯಾರೂ ಟೇಬಲಿನ ಮೇಲೆ ಮಲಗುವುದಿಲ್ಲ.

ರಾತ್ರಿ ತರಗತಿಯಲ್ಲಿ ನಕ್ಷೆ ಓದುವ ಪಾಠವನ್ನೂ ಸೇರಿಸಬೇಕೆಂದು ಕಾರ್ಯಕಾರಿ ಸಮಿತಿಯನ್ನು ಈ ವೇದಿಕೆಯಿಂದಲೇ ಕೇಳಿಕೊಳ್ಳುತ್ತೇವೆ. ಕಲಿಸಲು ನಮ್ಮ ಆ ತಮ್ಮ ಒಪ್ಪಿದ್ದಾನೆ. ಬರುವವರು ಒಂದು ಅಡಿಪಟ್ಟಿ ತಂದರೆ ಸಾಕು.